ಚಿಕ್ಕಂದಿನಲ್ಲಿ ಆದ ದೀಕ್ಷಾಸ್ನಾನ ಸಾಲದೇ? ಮತ್ತೆ ಮುಳುಗಬೇಕೇ?

ಪ್ರಶ್ನೆ: ನಾನು ಮೂರು ತಿಂಗಳ ಮಗುವಾಗಿದ್ದಾಗ ತಲೆ ಮೇಲೆ ನೀರು ಹೊಯ್ದು ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಮಾಡಿಸಿದ್ದರು. ದೊಡ್ಡವಳಾದ ಮೇಲೆ ದೃಢೀಕರಣವೂ (ನಂಬಿಕೆಯನ್ನು ನಾನೇ ಎಲ್ಲರ ಮುಂದೆ ಒಪ್ಪಿಕೊಳ್ಳುವುದು) ಆಯಿತು. ಮದುವೆಯಾಗಿ ಗಂಡನ ಸಭೆಗೆ (ಚರ್ಚಿಗೆ) ಬಂದೆ. ಇಲ್ಲಿ ನೀರಿನಲ್ಲಿ ಪೂರ್ತಿ ಮುಳುಗಿಸುತ್ತಾರೆ, ಅದೂ ನಂಬಿಕೆ ಒಪ್ಪಿಕೊಂಡ ದೊಡ್ಡವರಿಗೆ ಮಾತ್ರ. "ನಿನಗೆ ಆಗಿದ್ದು ದೀಕ್ಷಾಸ್ನಾನವೇ ಅಲ್ಲ, ಈಗ ತಗೋ" ಅನ್ನುತ್ತಾರೆ ಅತ್ತೆ. "ಮತ್ತೆ ತಗೊಂಡರೆ ದೇವರ ಮಾತನ್ನು ಸುಳ್ಳು ಮಾಡಿದ ಹಾಗೆ" ಅನ್ನುತ್ತಾರೆ ಅಮ್ಮ. ನಮ್ಮ ಐದು ತಿಂಗಳ ಮಗುವಿಗೆ ಏನು ಮಾಡುವುದು ಅಂತಲೂ ಗೊತ್ತಾಗುತ್ತಿಲ್ಲ. ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಅತ್ತೆಯೂ ಅಮ್ಮನೂ ಒಂದು ವಿಷಯದಲ್ಲಿ ಪೂರ್ತಿ ಒಂದೇ ಕಡೆ ಇದ್ದಾರೆ ಅಂದರೆ ನೀವು ನಂಬಲಿಕ್ಕಿಲ್ಲ. ಇಬ್ಬರ ಪ್ರಕಾರವೂ ದೀಕ್ಷಾಸ್ನಾನ ಬದುಕಿನಲ್ಲಿ ಒಂದೇ ಸಲ. ಅತ್ತೆ "ಎರಡನೇ ಸಲ ತಗೋ" ಅನ್ನುತ್ತಿಲ್ಲ. "ಮೊದಲನೆಯದು ಆಗೇ ಇಲ್ಲ" ಅನ್ನುತ್ತಿದ್ದಾರೆ. ಹಾಗಾಗಿ ಜಗಳ ಇರುವುದು ಒಂದೇ ಕಡೆ: ಆ ದಿನ ಮೂರು ತಿಂಗಳ ಮಗುವಿಗೆ ನಡೆದದ್ದು ಏನು? ಉಳಿದದ್ದೆಲ್ಲ ಅದರ ಬಾಲ ಹಿಡಿದು ಬಂದದ್ದು.

ಮೊದಲೇ ಹೇಳಿಬಿಡುತ್ತೇನೆ. ನಾನು ಮಕ್ಕಳಿಗೆ ದೀಕ್ಷಾಸ್ನಾನ ಕೊಡುವ ಸಭೆಯಲ್ಲೇ ಬೆಳೆದವನು. ಸಭಾ ಚರಿತ್ರೆ ಪಾಠ ಹೇಳುವುದು ನನ್ನ ಕೆಲಸ. ನನ್ನ ಒಲವು ಎತ್ತ ಅನ್ನುವುದು ಗೊತ್ತಿಟ್ಟುಕೊಂಡೇ ಮುಂದೆ ಓದಿ.

ಎಲ್ಲರೂ ಒಪ್ಪುವ ಭಾಗ ದೊಡ್ಡದಿದೆ, ಅದನ್ನು ಮೊದಲು ನೋಡೋಣ. ಯೊರ್ದನ್ ಹೊಳೆಯ ದಡದಲ್ಲಿ ಸ್ನಾನಿಕನಾದ ಯೋಹಾನ ಜನರಿಗೆ ಮಾನಸಾಂತರದ, ಅಂದರೆ ಪಾಪ ಬಿಟ್ಟು ದೇವರ ಕಡೆ ತಿರುಗುವ, ಸ್ನಾನ ಮಾಡಿಸುತ್ತಿದ್ದ. ಯೇಸುವೂ ಅಲ್ಲಿಗೆ ಬಂದು ಆ ಸಾಲಿನಲ್ಲಿ ನಿಂತ. ಸತ್ತು ಎದ್ದ ಮೇಲೆ ಶಿಷ್ಯರಿಗೆ ಕೊಟ್ಟ ಅಪ್ಪಣೆ ಮತ್ತಾಯ 28:19ರಲ್ಲಿದೆ: ಎಲ್ಲ ಜನಾಂಗದವರನ್ನೂ ಶಿಷ್ಯರನ್ನಾಗಿ ಮಾಡಿ, ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ದೀಕ್ಷಾಸ್ನಾನ ಮಾಡಿಸಿ, ಕಲಿಸಿ. ಪಂಚಾಶತ್ತಮ ಹಬ್ಬದ ದಿನ ಪೇತ್ರನ ಮಾತು ಕೇಳಿ ಸುಮಾರು ಮೂರು ಸಾವಿರ ಜನ ದೀಕ್ಷಾಸ್ನಾನ ಪಡೆದರು ಅಂತ ಅಪೊಸ್ತಲರ ಕೃತ್ಯಗಳು ಹೇಳುತ್ತದೆ. ಅಲ್ಲಿಂದ ಇಲ್ಲಿವರೆಗೆ ಸಭೆಗೆ ಸೇರುವ ಬಾಗಿಲು ಇದೇ. ಸಾಲ್ವೇಷನ್ ಆರ್ಮಿ, ಕ್ವೇಕರ್‌ಗಳಂಥ ಕೆಲವೇ ಗುಂಪುಗಳು ನೀರಿನ ಸ್ನಾನ ಇಲ್ಲದೆ ನಡೆಯುತ್ತವೆ. ಅದು ಬೇರೆ ಕತೆ, ಇಲ್ಲಿ ಬೇಡ.

ಅರ್ಥ ಏನು? ಬೈಬಲ್ ಒಂದೇ ಅರ್ಥ ಕೊಡುವುದಿಲ್ಲ. ತೊಳೆಯುವುದು ಅನ್ನುತ್ತದೆ, ಹೊಸ ಹುಟ್ಟು ಅನ್ನುತ್ತದೆ, ಒಂದೇ ದೇಹದ ಅಂಗವಾಗುವುದು ಅನ್ನುತ್ತದೆ. ಆದರೆ ಎಲ್ಲಕ್ಕಿಂತ ಗಟ್ಟಿಯಾದ ಮಾತು ರೋಮಾಪುರದವರಿಗೆ ಬರೆದ ಪತ್ರಿಕೆಯ ಆರನೇ ಅಧ್ಯಾಯದಲ್ಲಿದೆ. ದೀಕ್ಷಾಸ್ನಾನ ಪಡೆದವರು ಕ್ರಿಸ್ತನ ಜೊತೆ ಸತ್ತರು, ಅವನ ಜೊತೆ ಹೂಳಲ್ಪಟ್ಟರು, ಇನ್ನು ಹೊಸ ಬಾಳು ಬಾಳಬೇಕು ಅನ್ನುತ್ತಾನೆ ಪೌಲ. ಸಾವು ಅನ್ನುವ ಈ ಮಾತನ್ನು ನಾವು ಸಮಾರಂಭದ ಗಲಾಟೆಯಲ್ಲಿ ಮರೆತುಬಿಡುತ್ತೇವೆ. ಬಿಳಿ ಬಟ್ಟೆ, ಫೋಟೋ, ಊಟ ಎಲ್ಲ ಸರಿ. ಆದರೆ ಅಲ್ಲಿ ಒಂದು ಶವಸಂಸ್ಕಾರವೂ ನಡೆಯುತ್ತಿದೆ.

ನಾಲ್ಕನೇ ಶತಮಾನದ ಯೆರೂಸಲೇಮಿನಲ್ಲಿ ಇದನ್ನು ಯಾರೂ ಮರೆಯುವ ಹಾಗಿರಲಿಲ್ಲ. ಅಲ್ಲಿನ ಬಿಷಪ್ ಸಿರಿಲ್ ಹೆಸರಿನಲ್ಲಿ ಉಳಿದಿರುವ ಪಾಠಗಳಲ್ಲಿ ಈಸ್ಟರ್ ರಾತ್ರಿಯ ದೀಕ್ಷಾಸ್ನಾನದ ವಿವರ ಇದೆ. ದೀಕ್ಷಾಸ್ನಾನಕ್ಕೆ ಬಂದವರು ಮೊದಲು ಹೊರಕೋಣೆಯಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲಬೇಕು. ಕತ್ತಲು ಇಳಿಯುವ ದಿಕ್ಕು ಅದು. ಸೈತಾನ ಎದುರಿಗೇ ನಿಂತಿದ್ದಾನೆ ಅನ್ನುವ ಹಾಗೆ ಕೈ ಚಾಚಿ "ನಿನ್ನನ್ನು ಬಿಟ್ಟೆ" ಅನ್ನಬೇಕು. ಆಮೇಲೆ ಪೂರ್ವಕ್ಕೆ ತಿರುಗಿ ನಂಬಿಕೆ ಒಪ್ಪಿಕೊಳ್ಳಬೇಕು. ಒಳಗೆ ಹೋಗಿ ಬಟ್ಟೆ ಕಳಚಿ, ಮೈಗೆಲ್ಲ ಎಣ್ಣೆ ಹಚ್ಚಿಸಿಕೊಂಡು, ನೀರಿಗಿಳಿದು ಮೂರು ಸಲ ಮುಳುಗಿ ಏಳಬೇಕು. ಆ ಮೂರು ಸಲ ಕ್ರಿಸ್ತ ಗೋರಿಯಲ್ಲಿದ್ದ ಮೂರು ದಿನಗಳ ಗುರುತು. ಹಬ್ಬ ಕಳೆದ ಮೇಲೆ ಬಿಷಪ್ ಅವರನ್ನು ಕೂರಿಸಿಕೊಂಡು ನಡೆದದ್ದರ ಅರ್ಥ ಬಿಡಿಸಿ ಹೇಳುತ್ತಾರೆ: ಆ ನೀರು ನಿಮಗೆ ಗೋರಿಯೂ ಆಯಿತು, ತಾಯಿಯೂ ಆಯಿತು. ದೀಕ್ಷಾಸ್ನಾನದ ಬಗ್ಗೆ ನಾನು ಓದಿದ್ದರಲ್ಲಿ ಇಷ್ಟು ಚಿಕ್ಕದಾಗಿ ಇಷ್ಟು ದೊಡ್ಡದು ಹೇಳಿದ ಮಾತು ಇನ್ನೊಂದಿಲ್ಲ.

ಈಗ ನೀರಿನ ಲೆಕ್ಕಕ್ಕೆ ಬರೋಣ. ನಿಮ್ಮ ಮನೆಯಲ್ಲಿ ಜಾಸ್ತಿ ಮಾತು ಇದರ ಬಗ್ಗೆಯೇ ಆಗಿರಬೇಕು, ಅಲ್ವಾ?

ಅತ್ತೆಯ ಪಕ್ಷಕ್ಕೆ ಇಲ್ಲಿ ಬಲ ಇದೆ. ಹಳೇ ಸಭೆಯಲ್ಲಿ ನೀರಿಗಿಳಿಯುವುದೇ ರೂಢಿ. ಗಾಜದ ದಾರಿಯಲ್ಲಿ ಫಿಲಿಪ್ಪನೂ ಐಥಿಯೋಪ್ಯದ ಕಂಚುಕಿಯೂ ಇಬ್ಬರೂ ನೀರಿಗೆ ಇಳಿದರು ಅಂತಲೇ ಬರೆದಿದೆ. ಹೂಳುವುದು, ಏಳುವುದು ಅನ್ನುವ ಚಿತ್ರ ಮುಳುಗಿದಾಗ ಕಣ್ಣಿಗೆ ಕಟ್ಟುತ್ತದೆ. ಹಣೆ ಮೇಲೆ ನಾಲ್ಕು ಹನಿ ಬಿದ್ದಾಗ ಅದನ್ನು ಬಾಯಲ್ಲಿ ವಿವರಿಸಬೇಕಾಗುತ್ತದೆ. ಪೂರ್ವದ ಆರ್ಥೊಡಾಕ್ಸ್ ಸಭೆಗಳು ಇವತ್ತಿಗೂ ಮಗುವನ್ನೇ ಮೂರು ಸಲ ಮುಳುಗಿಸುತ್ತವೆ. ಮುಳುಗಿಸುವುದು ಅಂದರೆ ದೊಡ್ಡವರಿಗೆ, ಹೊಯ್ಯುವುದು ಅಂದರೆ ಮಕ್ಕಳಿಗೆ ಅನ್ನುವ ಲೆಕ್ಕ ಇದರಿಂದಲೇ ತಪ್ಪುತ್ತದೆ. ಕ್ಯಾಥೊಲಿಕ್ ಸಭೆಯ ಕಾನೂನು ಕೂಡ ಮುಳುಗಿಸಬಹುದು ಅಥವಾ ನೀರು ಹೊಯ್ಯಬಹುದು ಅನ್ನುತ್ತದೆ. ಮುಳುಗಿಸುವುದನ್ನೇ ಮೊದಲು ಹೇಳುತ್ತದೆ.

ಆದರೆ ನೀರು ಕಡಿಮೆಯಾದರೆ ದೀಕ್ಷಾಸ್ನಾನವೇ ಅಲ್ಲ ಅನ್ನುವ ಮಾತು ಹಳೇ ಸಭೆಯಲ್ಲಿ ಇರಲಿಲ್ಲ. ಬೈಬಲಿನ ಹೊರಗೆ ನಮಗೆ ಸಿಕ್ಕಿರುವ ತೀರಾ ಹಳೆಯ ಸಭಾ ಕೈಪಿಡಿ ಡಿಡಾಕೆ. ಒಂದನೇ ಶತಮಾನದ ಕೊನೆ ಅಥವಾ ಎರಡನೆಯದರ ಶುರುವಿನದು ಅನ್ನುತ್ತಾರೆ. 1873ರಲ್ಲಿ ಇಸ್ತಾಂಬುಲ್‌ನ ಒಂದು ಗ್ರಂಥಾಲಯದಲ್ಲಿ ಅದರ ಹಸ್ತಪ್ರತಿ ಸಿಕ್ಕಿತು. ಅದರ ಏಳನೇ ಅಧ್ಯಾಯ ಅಡುಗೆ ಮಾಡುವ ವಿಧಾನ ಬರೆದಷ್ಟು ಸಲೀಸಾಗಿ ಹೇಳುತ್ತದೆ: ಹರಿಯುವ ನೀರಿನಲ್ಲಿ ಮಾಡಿಸಿ. ಇಲ್ಲದಿದ್ದರೆ ಬೇರೆ ನೀರಿನಲ್ಲಿ. ತಣ್ಣೀರಾಗದಿದ್ದರೆ ಬಿಸಿನೀರಿನಲ್ಲಿ. ಅಷ್ಟು ನೀರೇ ಇಲ್ಲದಿದ್ದರೆ ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ತಲೆ ಮೇಲೆ ಮೂರು ಸಲ ಹೊಯ್ಯಿರಿ. ನೀರಿನಲ್ಲಿ ಇಷ್ಟು ಸಡಿಲ, ಹೆಸರಿನಲ್ಲಿ ಮಾತ್ರ ಸಡಿಲ ಇಲ್ಲ. ಅದರ ಜೊತೆ ಇನ್ನೊಂದು ಕಟ್ಟುನಿಟ್ಟೂ ಇದೆ, ಅದನ್ನು ನಾವು ಈಗ ಹೆಚ್ಚುಕಡಿಮೆ ಬಿಟ್ಟೇಬಿಟ್ಟಿದ್ದೇವೆ. ದೀಕ್ಷಾಸ್ನಾನ ಪಡೆಯುವವರು ಒಂದೆರಡು ದಿನ ಮುಂಚೆ ಉಪವಾಸ ಇರಬೇಕು, ಮಾಡಿಸುವವರೂ ಇರಬೇಕು.

ಸಿರಿಯಾದ ಡ್ಯೂರಾ ಯೂರೋಪಸ್‌ನಲ್ಲಿ ಮೂರನೇ ಶತಮಾನದ ಒಂದು ಮನೆ ಸಿಕ್ಕಿದೆ. ಮನೆಯನ್ನೇ ಸಭೆಯಾಗಿ ಮಾಡಿಕೊಂಡಿದ್ದರು. 1930ರ ದಶಕದಲ್ಲಿ ಅಗೆದಾಗ ಅದರ ಒಂದು ಕೋಣೆಯಲ್ಲಿ ದೀಕ್ಷಾಸ್ನಾನದ ತೊಟ್ಟಿ ಕಂಡಿತು. ತೊಟ್ಟಿಯ ಹಿಂದಿನ ಗೋಡೆ ಮೇಲೆ ಕುರಿ ಹೊತ್ತ ಒಳ್ಳೆ ಕುರುಬನ ಚಿತ್ರ, ಪಕ್ಕದ ಗೋಡೆಯಲ್ಲಿ ಗೋರಿಯ ಕಡೆ ನಡೆಯುವ ಹೆಂಗಸರು. ತೊಟ್ಟಿಯ ಆಳ ಸುಮಾರು ಒಂದು ಮೀಟರ್ ಅಷ್ಟೇ. ದೊಡ್ಡವರು ಅದರೊಳಗೆ ನಿಂತು ಅಥವಾ ಮಂಡಿಯೂರಿ ತಲೆ ಮೇಲೆ ನೀರು ಹೊಯ್ಯಿಸಿಕೊಂಡಿರಬೇಕು ಅನ್ನುವುದು ಹಲವು ವಿದ್ವಾಂಸರ ಅಂದಾಜು. ಅದೇ ಶತಮಾನದಲ್ಲಿ ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಮುಂದೆ ನಿಮ್ಮ ಪ್ರಶ್ನೆಯೇ ಬಂದಿತ್ತು. ಕಾಯಿಲೆ ಬಿದ್ದವರಿಗೆ ಹಾಸಿಗೆಯಲ್ಲೇ ನೀರು ಹಾಕಿ ದೀಕ್ಷಾಸ್ನಾನ ಮಾಡಿಸಿದ್ದಾರೆ, ಅದು ನಡೆಯುತ್ತದೋ ಇಲ್ಲವೋ? ನಡೆಯುತ್ತದೆ, ದೇವರ ಕೃಪೆ ನೀರಿನ ಅಳತೆ ನೋಡಿ ಬರುವುದಿಲ್ಲ ಅನ್ನುವ ಅರ್ಥದ ಉತ್ತರ ಬರೆದರು ಆತ.

ಒಂದು ತಮಾಷೆ ಸಂಗತಿ ಹೇಳಲೇಬೇಕು. ನಂಬಿದ ದೊಡ್ಡವರಿಗೆ ಮಾತ್ರ ದೀಕ್ಷಾಸ್ನಾನ ಕೊಡುವ ಇಂಗ್ಲಿಷ್ ಬ್ಯಾಪ್ಟಿಸ್ಟರ ಮೊದಲ ಸಭೆ 1609ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಹುಟ್ಟಿತು. ಅದರ ನಾಯಕ ಜಾನ್ ಸ್ಮಿತ್ ತನಗೆ ತಾನೇ ದೀಕ್ಷಾಸ್ನಾನ ಮಾಡಿಕೊಂಡ. ಅವತ್ತು ಆ ಗುಂಪು ಮುಳುಗಲಿಲ್ಲ, ನೀರು ಹೊಯ್ದುಕೊಂಡಿತು. ಮುಳುಗಲೇಬೇಕು ಅನ್ನುವ ರೂಢಿ ಬ್ಯಾಪ್ಟಿಸ್ಟರಲ್ಲಿ ಬೇರೂರಿದ್ದು 1640ರ ದಶಕದಲ್ಲಿ. ಇದನ್ನು ಅತ್ತೆಯ ಮುಂದೆ ಊಟದ ಹೊತ್ತಿನಲ್ಲಿ ಹೇಳಲು ಹೋಗಬೇಡಿ. ಸುಮ್ನೆ ನಿಮ್ಮ ತಿಳಿವಳಿಕೆಗೆ ಇರಲಿ.

ಆದ್ದರಿಂದ ನೀರಿನ ವಿಷಯದಲ್ಲಿ ನನ್ನ ತೀರ್ಪು ಇದು. ಮುಳುಗಿಸುವುದು ಚಂದ, ಹಳೆಯದು, ಅರ್ಥ ಚೆನ್ನಾಗಿ ತೋರುತ್ತದೆ. ಹೊಯ್ದದ್ದು ಅನ್ನುವ ಒಂದೇ ಕಾರಣಕ್ಕೆ ನಿಮ್ಮ ದೀಕ್ಷಾಸ್ನಾನವನ್ನು ಯಾರಾದರೂ ತಳ್ಳಿಹಾಕಿದರೆ ಅದಕ್ಕೆ ಆಧಾರ ಸಾಲದು.

ವಯಸ್ಸಿನ ಪ್ರಶ್ನೆ ಹಾಗಲ್ಲ. ಅದು ನಿಜಕ್ಕೂ ಕಷ್ಟದ್ದು.

ಹೊಸ ಒಡಂಬಡಿಕೆಯಲ್ಲಿ "ಮಗುವಿಗೆ ದೀಕ್ಷಾಸ್ನಾನ ಕೊಟ್ಟರು" ಅನ್ನುವ ಒಂದು ವಾಕ್ಯವೂ ಇಲ್ಲ. "ಕೊಡಬೇಡಿ" ಅನ್ನುವುದೂ ಇಲ್ಲ. ಲುದ್ಯಳೂ ಅವಳ ಮನೆಯವರೂ ಪಡೆದರು, ಫಿಲಿಪ್ಪಿಯ ಸೆರೆಮನೆಯ ಯಜಮಾನ ರಾತ್ರೋರಾತ್ರಿ ಮನೆಯವರೆಲ್ಲರ ಜೊತೆ ಪಡೆದ ಅಂತ ಇದೆ. ಮನೆಯವರು ಅಂದರೆ ಕೂಸುಗಳೂ ಇದ್ದಿರಬಹುದು, ಇಲ್ಲದೆಯೂ ಇರಬಹುದು. ಈ ವಚನಗಳನ್ನು ಹಿಡಿದು ಯಾರು ಮೇಜು ಗುದ್ದಿದರೂ ನನಗೆ ನಗು ಬರುತ್ತದೆ, ನಮ್ಮ ಕಡೆಯವರೇ ಗುದ್ದಿದರೂ.

ಸುಮಾರು 200ರ ಹೊತ್ತಿಗೆ ಉತ್ತರ ಆಫ್ರಿಕಾದ ತೆರ್ತುಲ್ಲಿಯನ್ ದೀಕ್ಷಾಸ್ನಾನದ ಬಗ್ಗೆ ಒಂದು ಬರಹ ಬರೆದ. ಚಿಕ್ಕ ಮಕ್ಕಳಿಗೆ ಯಾಕೆ ಅವಸರ, ಕ್ರಿಸ್ತನನ್ನು ಅರಿಯುವಷ್ಟು ಬೆಳೆಯಲಿ ಅನ್ನುತ್ತಾನೆ. ಇದು ಎರಡು ಪಕ್ಷದವರಿಗೂ ಬೇಕಾದ ಸಾಕ್ಷಿ. ಮಕ್ಕಳಿಗೆ ಕೊಡುವ ರೂಢಿ ಆಗಲೇ ಇತ್ತು ಅನ್ನುವುದು ಇದರಿಂದ ಗೊತ್ತಾಗುತ್ತದೆ. ಅದನ್ನು ಎಲ್ಲರೂ ಒಪ್ಪಿರಲಿಲ್ಲ ಅನ್ನುವುದೂ ಗೊತ್ತಾಗುತ್ತದೆ. ಐವತ್ತು ವರ್ಷ ಕಳೆಯುವಷ್ಟರಲ್ಲಿ ಅದೇ ಕಡೆಯ ಸಿಪ್ರಿಯನ್ ಮತ್ತು ಅವರ ಜೊತೆಯ ಬಿಷಪ್‌ಗಳು, ಹುಟ್ಟಿದ ಮಗುವಿಗೆ ಎಂಟನೇ ದಿನದ ತನಕವೂ ಕಾಯಬೇಕಾಗಿಲ್ಲ ಅಂತ ತೀರ್ಮಾನ ಮಾಡಿದರು.

ನಾಲ್ಕನೇ ಶತಮಾನದಲ್ಲಿ ಗಾಳಿ ಮತ್ತೆ ತಡ ಮಾಡುವ ಕಡೆ ತಿರುಗಿತು. ದೀಕ್ಷಾಸ್ನಾನ ಹಿಂದಿನ ಪಾಪವನ್ನೆಲ್ಲ ತೊಳೆಯುತ್ತದಲ್ಲ, ಹಾಗಾದರೆ ಕೊನೆಯಲ್ಲೇ ತಗೊಂಡರಾಯಿತು ಅನ್ನುವ ಜಾಣ್ಮೆ ಹಲವರಿಗೆ ಬಂತು. ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್ ದೀಕ್ಷಾಸ್ನಾನ ಪಡೆದದ್ದು 337ರಲ್ಲಿ, ಸಾಯುವ ಹಾಸಿಗೆಯಲ್ಲಿ. ಮುಂದೆ ಉತ್ತರ ಆಫ್ರಿಕಾದಲ್ಲಿ ಬಿಷಪ್ ಆದ ಅಗಸ್ಟಿನ್ ಚಿಕ್ಕ ಹುಡುಗನಾಗಿದ್ದಾಗ ಹೊಟ್ಟೆನೋವಿನಿಂದ ಸಾಯುವ ಸ್ಥಿತಿಗೆ ಬಂದಿದ್ದ. ತಾಯಿ ಮೋನಿಕಾ ಗಡಿಬಿಡಿಯಿಂದ ದೀಕ್ಷಾಸ್ನಾನಕ್ಕೆ ಏರ್ಪಾಡು ಮಾಡಿದಳು. ಅಷ್ಟರಲ್ಲಿ ಹುಡುಗ ಚೇತರಿಸಿಕೊಂಡ, ಏರ್ಪಾಡು ನಿಂತುಹೋಯಿತು. ಕೊನೆಗೆ ಅವನು 387ರ ಈಸ್ಟರ್ ರಾತ್ರಿ ಮಿಲಾನಿನಲ್ಲಿ ಬಿಷಪ್ ಆಂಬ್ರೋಸ್ ಕೈಯಲ್ಲಿ ದೀಕ್ಷಾಸ್ನಾನ ಪಡೆದ. ಆ ಎಂಟು ಮೂಲೆಯ ಕೊಳದ ಅವಶೇಷ ಇವತ್ತಿಗೂ ಮಿಲಾನಿನ ದೊಡ್ಡ ದೇವಾಲಯದ ಕೆಳಗೆ ಇದೆ. ಮಕ್ಕಳ ದೀಕ್ಷಾಸ್ನಾನಕ್ಕೆ ಪಶ್ಚಿಮದ ಸಭೆಯಲ್ಲಿ ಅತಿ ಗಟ್ಟಿಯಾದ ವಾದ ಕಟ್ಟಿದ್ದು ಇದೇ ಅಗಸ್ಟಿನ್. ಸ್ವತಃ ಮೂವತ್ತು ದಾಟಿದ ಮೇಲೆ ಪಡೆದವನು.

ಅಲ್ಲಿಂದ ಸಾವಿರ ವರ್ಷಕ್ಕೂ ಹೆಚ್ಚು ಕಾಲ ಮಗುವಿನ ದೀಕ್ಷಾಸ್ನಾನವೇ ಸಾಮಾನ್ಯ. ಹದಿನಾರನೇ ಶತಮಾನದ ಸಭಾ ಸುಧಾರಕರಾದ ಲೂಥರ್, ಕ್ಯಾಲ್ವಿನ್ ಎಷ್ಟೋ ವಿಷಯ ಬದಲಾಯಿಸಿದರೂ ಇದನ್ನು ಉಳಿಸಿಕೊಂಡರು. 1525ರ ಜನವರಿಯಲ್ಲಿ ಸ್ವಿಟ್ಜರ್ಲೆಂಡಿನ ಝೂರಿಕ್‌ನಲ್ಲಿ ಕೆಲವರು ಒಂದು ಮನೆಯಲ್ಲಿ ಸೇರಿ, ನಂಬಿಕೆ ಒಪ್ಪಿಕೊಂಡು, ಒಬ್ಬರಿಗೊಬ್ಬರು ದೀಕ್ಷಾಸ್ನಾನ ಕೊಟ್ಟುಕೊಂಡರು. ನಗರದ ಆಡಳಿತ ಅವರನ್ನು ಬಿಡಲಿಲ್ಲ. ಅವರಲ್ಲಿ ಒಬ್ಬನಾದ ಫೆಲಿಕ್ಸ್ ಮಾಂಟ್ಸ್‌ನನ್ನು 1527ರ ಜನವರಿಯಲ್ಲಿ ಕೈಕಾಲು ಕಟ್ಟಿ ಲಿಮ್ಮಾಟ್ ಹೊಳೆಯಲ್ಲಿ ಮುಳುಗಿಸಿ ಕೊಂದರು. ಮತ್ತೆ ದೀಕ್ಷಾಸ್ನಾನ ಕೊಟ್ಟವನಿಗೆ ನೀರಿನಲ್ಲೇ ಸಾವು. ಕೊಲ್ಲಿಸಿದವರೂ ಕ್ರಿಸ್ತನ ಹೆಸರು ಹೇಳುವವರೇ. ನಿಮ್ಮ ಅತ್ತೆಯ ಸಭೆಯವರು ಈ ವಿಷಯದಲ್ಲಿ ಯಾಕೆ ಇಷ್ಟು ಬಿಗಿ ಅನ್ನುವುದಕ್ಕೆ ಹಿಂದೆ ಇಂಥ ನೆನಪುಗಳಿವೆ. ಅದನ್ನು ಹಟ ಅಂತ ತಳ್ಳಿಹಾಕುವುದು ನ್ಯಾಯ ಅಲ್ಲ.

ಎರಡೂ ಕಡೆಯ ವಾದದ ತಿರುಳು ಹೀಗಿದೆ. ನಂಬಿದವರಿಗೇ ಕೊಡಬೇಕು ಅನ್ನುವವರಿಗೆ ಪೇತ್ರನ ಮಾತಿನ ಕ್ರಮ ಮುಖ್ಯ: ಮೊದಲು ಮಾನಸಾಂತರ, ಆಮೇಲೆ ದೀಕ್ಷಾಸ್ನಾನ. ದೀಕ್ಷಾಸ್ನಾನ ಅಂದರೆ ಒಬ್ಬ ಮನುಷ್ಯ ದೇವರ ಕರೆಗೆ ಬಾಯಿಬಿಟ್ಟು ಕೊಡುವ ಉತ್ತರ. ಮೂರು ತಿಂಗಳ ಮಗುವಿನ ಪರವಾಗಿ ಆ ಉತ್ತರವನ್ನು ಇನ್ನೊಬ್ಬರು ಕೊಡಲಾಗುವುದಿಲ್ಲ. ಮಕ್ಕಳಿಗೂ ಕೊಡಬೇಕು ಅನ್ನುವವರಿಗೆ ಅದು ಮೊದಲು ದೇವರ ಕೆಲಸ. ಮಗು ಏನೂ ತರದೆ, ಏನೂ ಅರಿಯದೆ, ಕೈಯಲ್ಲಿ ಮಲಗಿರುವಾಗಲೇ ದೇವರು "ನೀನು ನನ್ನವನು" ಅನ್ನುತ್ತಾನೆ. ನಂಬಿಕೆ ಆ ಮಾತಿಗೆ ಬದುಕಿಡೀ ಕೊಡುವ ಉತ್ತರ. ಹಳೇ ಒಡಂಬಡಿಕೆಯಲ್ಲಿ ಎಂಟು ದಿನದ ಕೂಸಿಗೆ ಸುನ್ನತಿ ಮಾಡಿ ಒಡಂಬಡಿಕೆಗೆ ಸೇರಿಸಿಕೊಳ್ಳುತ್ತಿದ್ದರಲ್ಲ, ಇದೂ ಹಾಗೇ ಅನ್ನುವುದು ಕ್ಯಾಲ್ವಿನ್ ವಾದ. 1529ರ ಚಿಕ್ಕ ಪ್ರಶ್ನೋತ್ತರದಲ್ಲಿ ಲೂಥರ್ ಹೇಳುವುದೂ ಇದಕ್ಕೆ ಹತ್ತಿರ: ನೀರು ಒಂದೇ ಇದನ್ನು ಮಾಡುವುದಿಲ್ಲ, ನೀರಿನ ಜೊತೆ ಇರುವ ದೇವರ ವಾಕ್ಯವೂ ಆ ವಾಕ್ಯವನ್ನು ನೆಚ್ಚುವ ನಂಬಿಕೆಯೂ ಮಾಡುತ್ತವೆ.

ನಾನು ಎರಡನೇ ಕಡೆಯವನು. ಆದರೆ ಮೊದಲನೇ ಕಡೆಯವರ ಒಂದು ಆರೋಪ ನಮಗೆ ಚುಚ್ಚಬೇಕು. ಮಗುವಿಗೆ ನೀರು ಹಾಕಿಸಿ, ಊಟ ಹಾಕಿಸಿ, ಆಮೇಲೆ ನಂಬಿಕೆಯ ಸುದ್ದಿಯನ್ನೇ ಎತ್ತದ ಮನೆಗಳು ನಮ್ಮಲ್ಲಿ ಎಷ್ಟಿಲ್ಲ? ಇಪ್ಪತ್ತನೇ ಶತಮಾನದ ದೊಡ್ಡ ದೇವಶಾಸ್ತ್ರಜ್ಞ ಕಾರ್ಲ್ ಬಾರ್ತ್ ಮಕ್ಕಳಿಗೆ ದೀಕ್ಷಾಸ್ನಾನ ಕೊಡುವ ಸಭೆಯವರೇ. 1943ರ ಒಂದು ಉಪನ್ಯಾಸದಲ್ಲಿ ಅವರು ಈ ರೂಢಿಯನ್ನು ಕಟುವಾಗಿ ಟೀಕಿಸಿದರು. ಆದರೂ ಹಾಗೆ ಆದದ್ದು ದೀಕ್ಷಾಸ್ನಾನವೇ, ಅದನ್ನು ಮತ್ತೆ ಮಾಡಬೇಕಾಗಿಲ್ಲ ಅಂದರು. ನಿಮ್ಮ ಪ್ರಶ್ನೆಗೆ ಇದು ತುಂಬಾ ಹತ್ತಿರದ ಮಾತು.

"ಒಂದೇ ಸಲ" ಅನ್ನುವುದು ಎಲ್ಲಿಂದ ಬಂತು? ಎಫೆಸದವರಿಗೆ ಬರೆದ ಪತ್ರಿಕೆಯಲ್ಲಿ ಒಬ್ಬನೇ ಕರ್ತ, ಒಂದೇ ನಂಬಿಕೆ, ಒಂದೇ ದೀಕ್ಷಾಸ್ನಾನ ಅಂತಿದೆ. 381ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ರೂಪ ಪಡೆದ ವಿಶ್ವಾಸ ಪ್ರಮಾಣದಲ್ಲೂ ಪಾಪಕ್ಷಮೆಗಾಗಿ ಒಂದೇ ದೀಕ್ಷಾಸ್ನಾನ ಅಂತಿದೆ. ಆದರೆ ಈ ಮಾತಿಗೆ ಪೆಟ್ಟು ಬಿದ್ದು ಗಟ್ಟಿಯಾದದ್ದು ಉತ್ತರ ಆಫ್ರಿಕಾದ ಜಗಳದಲ್ಲಿ. ಹಿಂಸೆಯ ಕಾಲದಲ್ಲಿ ಹೆದರಿ ಪವಿತ್ರ ಗ್ರಂಥಗಳನ್ನು ಒಪ್ಪಿಸಿಬಿಟ್ಟ ಪಾದ್ರಿಗಳ ಕೈಯಿಂದ ಆದ ದೀಕ್ಷಾಸ್ನಾನ ನಡೆಯುವುದಿಲ್ಲ ಅಂತ ಡೊನಾಟಿಸ್ಟರು ಹಟ ಹಿಡಿದರು. ತಮ್ಮ ಕಡೆ ಬಂದವರಿಗೆ ಮತ್ತೆ ಕೊಟ್ಟರು. 314ರಲ್ಲಿ ಆರ್ಲ್ ಪಟ್ಟಣದಲ್ಲಿ ಸೇರಿದ ಬಿಷಪ್‌ಗಳು ಇದನ್ನು ಒಪ್ಪಲಿಲ್ಲ. ತ್ರಯೇಕ ದೇವರ, ಅಂದರೆ ತಂದೆ, ಮಗ, ಪವಿತ್ರಾತ್ಮ ಆಗಿರುವ ಒಬ್ಬನೇ ದೇವರ, ಹೆಸರಿನಲ್ಲಿ ಆಗಿದ್ದರೆ ಮತ್ತೆ ಬೇಡ ಅಂದರು. ಮುಂದೆ ಅಗಸ್ಟಿನ್ ಕಾರಣ ಹೇಳಿದ: ಕೊಡುವ ಕೈ ಮನುಷ್ಯನದಾದರೂ ದೀಕ್ಷಾಸ್ನಾನ ಕೊಡುವವನು ಕ್ರಿಸ್ತನೇ. ಇದು ನಮ್ಮಂಥವರಿಗೆ ದೊಡ್ಡ ಸಮಾಧಾನ. ಇಲ್ಲದಿದ್ದರೆ ನಮಗೆ ನೀರು ಹಾಕಿದ ಪಾದ್ರಿಯ ಚರಿತ್ರೆಯನ್ನು ಸಾಯುವ ತನಕ ತಪಾಸಣೆ ಮಾಡುತ್ತಾ ಕೂರಬೇಕಿತ್ತು.

1982ರಲ್ಲಿ ಪೆರು ದೇಶದ ಲಿಮಾದಲ್ಲಿ ಜಾಗತಿಕ ಸಭಾ ಮಂಡಳಿಯ ವಿಶ್ವಾಸ ಮತ್ತು ಕ್ರಮ ವಿಭಾಗ ಒಂದು ಹೇಳಿಕೆಗೆ ಬಂತು. ದೀಕ್ಷಾಸ್ನಾನ ಮತ್ತೆ ಮಾಡುವಂಥದ್ದಲ್ಲ, ಮರುದೀಕ್ಷಾಸ್ನಾನದ ಹಾಗೆ ಕಾಣುವ ಯಾವುದನ್ನೂ ಮಾಡಬಾರದು ಅಂತ ಅದರಲ್ಲಿದೆ.

ಅತ್ತೆಯ ಸಭೆಯವರು ಇದಕ್ಕೆ ಎದುರು ಅಪೊಸ್ತಲರ ಕೃತ್ಯಗಳು 19 ತೋರಿಸಬಹುದು. ಎಫೆಸದಲ್ಲಿ ಪೌಲನಿಗೆ ಸುಮಾರು ಹನ್ನೆರಡು ಜನ ಸಿಕ್ಕಿದರು. ಅವರಿಗೆ ಯೋಹಾನನ ಸ್ನಾನ ಆಗಿತ್ತು. ಯೇಸುವಿನ ಹೆಸರಿನಲ್ಲಿ ಅವರು ಮತ್ತೆ ದೀಕ್ಷಾಸ್ನಾನ ಪಡೆದರು. ವಚನ ಸರಿ. ಆದರೆ ಅವರ ಮೊದಲನೇ ಸ್ನಾನ ಯೇಸುವಿನ ಹೆಸರಿನಲ್ಲಿ ಆಗಿರಲೇ ಇಲ್ಲ. ಪವಿತ್ರಾತ್ಮ ಇದ್ದಾನೆ ಅನ್ನುವುದನ್ನೇ ಅವರು ಕೇಳಿರಲಿಲ್ಲ. ತ್ರಯೇಕ ದೇವರ ಹೆಸರಿನಲ್ಲಿ ಆದ ನಿಮ್ಮದಕ್ಕೆ ಅದನ್ನು ಅಂಟಿಸಲಾಗುವುದಿಲ್ಲ.

ಆ ಹೊತ್ತಿನಲ್ಲಿ ಹೇಳುವ ಮಾತಿನ ವಿಷಯ ಎಷ್ಟು ಬಿಗಿ ಅಂದರೆ, 2020ರ ಆಗಸ್ಟ್‌ನಲ್ಲಿ ವ್ಯಾಟಿಕನ್ ಒಂದು ತೀರ್ಮಾನ ಹೊರಡಿಸಿತು. ಕೆಲವು ಕಡೆ ಪಾದ್ರಿಗಳು "ನಾನು ನಿನಗೆ" ಅನ್ನುವ ಬದಲು "ನಾವು ನಿನಗೆ ದೀಕ್ಷಾಸ್ನಾನ ಕೊಡುತ್ತೇವೆ" ಅನ್ನುತ್ತಿದ್ದರು. ಎಲ್ಲರೂ ಸೇರಿ ಕೊಡುತ್ತಿದ್ದೇವೆ ಅನ್ನುವ ಒಳ್ಳೆ ಮನಸ್ಸಿನಿಂದಲೇ. ಅದು ನಡೆಯುವುದಿಲ್ಲ, ಹಾಗೆ ಪಡೆದವರು ಸರಿಯಾಗಿ ಪಡೆಯಬೇಕು ಅಂದಿತು ವ್ಯಾಟಿಕನ್. ಆರ್ಥೊಡಾಕ್ಸರು "ದೇವರ ಸೇವಕನಾದ ಇಂಥವನು ದೀಕ್ಷಾಸ್ನಾನ ಪಡೆಯುತ್ತಿದ್ದಾನೆ" ಅನ್ನುತ್ತಾರೆ, ಅದನ್ನು ಕ್ಯಾಥೊಲಿಕರು ಒಪ್ಪುತ್ತಾರೆ. ಆಗಿದೆಯೋ ಇಲ್ಲವೋ ಅನ್ನುವ ನಿಜವಾದ ಅನುಮಾನ ಇದ್ದರೆ "ನಿನಗೆ ಆಗಿರದಿದ್ದರೆ" ಅಂತ ಷರತ್ತು ಸೇರಿಸಿ ಕೊಡುವ ಕ್ರಮವೂ ಅವರಲ್ಲಿದೆ. ಅದೂ ಎರಡನೇ ಸಲ ಆಗಬಾರದು ಅನ್ನುವ ಎಚ್ಚರವೇ.

ಇದರಿಂದ ನಿಮಗೊಂದು ಕೆಲಸದ ಮಾತು. ಪೆಂತೆಕೋಸ್ತ್ ಸಭೆಗಳಲ್ಲಿ ಒಂದು ಪಂಗಡ "ಯೇಸುವಿನ ಹೆಸರಿನಲ್ಲಿ" ಅಂತ ಮಾತ್ರ ಹೇಳಿ ಮುಳುಗಿಸುತ್ತದೆ. ತಂದೆ, ಮಗ, ಪವಿತ್ರಾತ್ಮ ಅನ್ನುವುದಿಲ್ಲ. ಗಂಡನ ಸಭೆ ಅಂಥದ್ದೋ ಅಂತ ಕೇಳಿಕೊಳ್ಳಿ. ಹೌದಾದರೆ ಅಲ್ಲಿನ ದೀಕ್ಷಾಸ್ನಾನವನ್ನು ಬೇರೆ ಹೆಚ್ಚಿನ ಸಭೆಗಳು ಒಪ್ಪುವುದಿಲ್ಲ. ಅಲ್ಲಿ ಪ್ರಶ್ನೆ ದೇವರ ಬಗ್ಗೆಯೇ ಬೇರೆಯಾಗುತ್ತದೆ.

ಈಗ ನೀವು ಏನು ಮಾಡಬೇಕು? ನನ್ನ ಸಲಹೆ ನೇರ: ಮತ್ತೆ ತಗೊಳ್ಳಬೇಡಿ. ನಿಮಗೆ ನೀರೂ ಬಿದ್ದಿದೆ, ಹೆಸರೂ ಹೇಳಿದ್ದಾರೆ. ಅವತ್ತು ನಿಮ್ಮ ಪರವಾಗಿ ಹೆತ್ತವರು ಹೇಳಿದ್ದನ್ನು ದೃಢೀಕರಣದ ದಿನ ನೀವೇ ಸಭೆಯ ಮುಂದೆ ನಿಂತು ಹೇಳಿದ್ದೀರಿ. ನಂಬಿದವರ ದೀಕ್ಷಾಸ್ನಾನದವರು ಕೇಳುವ ಎರಡು ಅಂಶವೂ ನಿಮ್ಮಲ್ಲಿವೆ, ಕ್ರಮ ಮಾತ್ರ ಹಿಂದುಮುಂದು. ಮನೆಯಲ್ಲಿ ಶಾಂತಿ ಇರಲಿ ಅಂತಲೋ, ಸಭೆಯ ಸದಸ್ಯತ್ವಕ್ಕೆ ಬೇಕು ಅಂತಲೋ ನೀರಿಗಿಳಿಯುವುದು ಎಲ್ಲಕ್ಕಿಂತ ಕೆಟ್ಟ ಕಾರಣ. ಒಪ್ಪಿಕೊಳ್ಳದ ನಂಬಿಕೆಯ ದೀಕ್ಷಾಸ್ನಾನ ಬೇಡ ಅಂತ ಹೇಳುವವರು ಅತ್ತೆಯ ಸಭೆಯವರೇ ತಾನೆ?

ಆದರೆ ಓದಿ, ಪ್ರಾರ್ಥಿಸಿ, ಚಿಕ್ಕಂದಿನದು ದೀಕ್ಷಾಸ್ನಾನವೇ ಅಲ್ಲ ಅಂತ ನಿಮಗೇ ಮನವರಿಕೆಯಾಯಿತು ಅಂದುಕೊಳ್ಳಿ. ಆಗ ವಿಷಯ ಬೇರೆ. ನಾನು ಒಪ್ಪದಿದ್ದರೂ ನಿಮ್ಮ ಮನಸ್ಸಾಕ್ಷಿಯ ಮೇಲೆ ಕೂರಲಾರೆ. ಆದರೆ ಹಾಗೆ ಮಾಡುವ ಮುಂಚೆ ಅಮ್ಮನಿಗೆ ನೀವೇ ಬಾಯಾರೆ ಹೇಳಿ. ಮೂರನೆಯವರ ಬಾಯಿಂದ ಕೇಳಿದರೆ ತಾನು ಕೊಡಿಸಿದ್ದನ್ನು ಮಗಳು ಎಸೆದಳು ಅನ್ನಿಸುತ್ತದೆ.

ನಡುವೆ ಇನ್ನೊಂದು ದಾರಿ ಇದೆ, ಇದನ್ನು ಬಹಳ ಜನ ಕೇಳುವುದೇ ಇಲ್ಲ. ನಂಬಿದವರಿಗೆ ಮಾತ್ರ ದೀಕ್ಷಾಸ್ನಾನ ಕೊಡುವ ಸಭೆಗಳಲ್ಲೂ ಕೆಲವು, ಬೇರೆ ಸಭೆಯಲ್ಲಿ ಚಿಕ್ಕಂದಿನಲ್ಲಿ ಪಡೆದವರನ್ನು ಅವರ ಸಾಕ್ಷಿ ಕೇಳಿ ಸದಸ್ಯರನ್ನಾಗಿ ಸೇರಿಸಿಕೊಳ್ಳುತ್ತವೆ. ನಿಮ್ಮ ಸಭೆಯ ನಿಯಮ ಏನು ಅಂತ ಸಭಾಪಾಲಕರನ್ನೇ ಕೇಳಿ, ಅತ್ತೆಯ ಮೂಲಕ ಬೇಡ. ಸಭೆಯ ಮುಂದೆ ನಿಂತು ನಂಬಿಕೆಯ ಸಾಕ್ಷಿ ಹೇಳಲು ಸಿದ್ಧ, ಆದರೆ ಆದದ್ದನ್ನು ಆಗಿಲ್ಲ ಅನ್ನಲಾರೆ ಅಂತ ಹೇಳಿ. ಕರ್ತನ ಮೇಜಿಗೆ (ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನಕ್ಕೆ) ಬರಬಹುದೋ ಅನ್ನುವುದನ್ನೂ ಆಗಲೇ ಕೇಳಿಬಿಡಿ. ಅದು ಹೊಸ ಸದಸ್ಯರಿಗೆ ಆಮೇಲೆ ಮುಜುಗರ ತರುವ ವಿಷಯ.

ಇನ್ನು ಮಗು.

ಇಲ್ಲಿ ಗಂಡ ಹೆಂಡತಿ ಇಬ್ಬರೂ ಕೂತು ಮಾತಾಡಬೇಕು, ಅಜ್ಜಿಯರಿಬ್ಬರೂ ಆಮೇಲೆ. ಒಂದು ದಾರಿ, ನಿಮ್ಮ ತಾಯಿಯ ಸಭೆಯಲ್ಲಿ ದೀಕ್ಷಾಸ್ನಾನ. ಪಾದ್ರಿ ಮಗುವಿನ ಹೆಸರು ಕೇಳುತ್ತಾರೆ. ತೊಟ್ಟಿಯ ಮೇಲೆ ಮಗುವನ್ನು ಅಂಗಾತ ಹಿಡಿದು ಅಂಗೈಯಲ್ಲಿ ನೀರು ತೆಗೆದು ತಲೆ ಮೇಲೆ ಒಂದು ಸಲ ಹಾಕುತ್ತಾರೆ, ತಂದೆಯ. ಇನ್ನೊಂದು ಸಲ, ಮಗನ. ಮತ್ತೊಂದು ಸಲ, ಪವಿತ್ರಾತ್ಮನ. ಮೂರನೆಯದಕ್ಕೆ ಮಗು ಖಂಡಿತ ಅಳುತ್ತದೆ. ಹಣೆ ಮೇಲೆ ಶಿಲುಬೆ ಗುರುತು, ಕೆಲವು ಸಭೆಗಳಲ್ಲಿ ಎಣ್ಣೆ, ಉರಿಯುವ ಮೇಣದಬತ್ತಿ. ಆದರೆ ಅದಕ್ಕೆ ಮುಂಚೆ ಪಾದ್ರಿ ನಿಮ್ಮಿಬ್ಬರನ್ನೂ ನೋಡಿ ಕೇಳುವ ಪ್ರಶ್ನೆಗಳಿವೆ: ನೀವು ನಂಬುತ್ತೀರಾ, ಈ ಮಗುವನ್ನು ಈ ನಂಬಿಕೆಯಲ್ಲಿ ಬೆಳೆಸುತ್ತೀರಾ? ನಿಮ್ಮ ಗಂಡ ಆ ಕ್ಷಣದಲ್ಲಿ ಮನಸ್ಸಿಲ್ಲದೆ "ಹೌದು" ಅನ್ನಬೇಕಾಗಿ ಬಂದರೆ ಅದು ಅವರಿಗೂ ಒಳ್ಳೆಯದಲ್ಲ, ಮಗುವಿಗೂ ಅಲ್ಲ. ಬೆಳೆಸುವ ಭರವಸೆ ಇಲ್ಲವೇ ಇಲ್ಲ ಅನ್ನಿಸಿದರೆ ದೀಕ್ಷಾಸ್ನಾನ ಮುಂದೂಡಬೇಕು ಅಂತ ಕ್ಯಾಥೊಲಿಕ್ ಕಾನೂನಿನಲ್ಲೇ ಇದೆ.

ಇನ್ನೊಂದು ದಾರಿ, ಗಂಡನ ಸಭೆಯಲ್ಲಿ ಮಗುವಿನ ಸಮರ್ಪಣೆ. ನೀರಿಲ್ಲ, ಪ್ರಾರ್ಥನೆ ಮತ್ತು ಆಶೀರ್ವಾದ. ಮುಂದೆ ಅವನೋ ಅವಳೋ ತಾನಾಗಿ ಕೇಳಿದಾಗ ದೀಕ್ಷಾಸ್ನಾನ: ಸೊಂಟದ ಮಟ್ಟದ ನೀರಿನಲ್ಲಿ ನಿಂತು, ಯೇಸುವೇ ಕರ್ತ ಅಂತ ಎಲ್ಲರ ಮುಂದೆ ಹೇಳಿ, ಎದೆ ಮೇಲೆ ಕೈ ಕಟ್ಟಿ, ಸಭಾಪಾಲಕರ ತೋಳಿಗೆ ಒರಗಿ ಹಿಂದಕ್ಕೆ ಬೀಳುವುದು, ಒಂದೇ ಉಸಿರಿನಲ್ಲಿ ಕೆಳಗೆ ಹೋಗಿ ಮೇಲೆ ಬರುವುದು. ನಾನು ಮೊದಲನೇ ದಾರಿ ಹಿಡಿಯುವವನು. ಆದರೂ ಇಬ್ಬರೂ ಒಪ್ಪಿ ಎರಡನೆಯದನ್ನು ಹಿಡಿದರೆ ಮಗುವಿಗೆ ಕೆಡುಕಾಯಿತು ಅಂತ ನಾನು ಹೇಳುವುದಿಲ್ಲ.

ಒಂದು ಮಾತ್ರ ಬೇಡ: ಗಂಡನಿಗೆ ಗೊತ್ತಿಲ್ಲದ ಹಾಗೆ ತವರಿಗೆ ಹೋಗಿ ಮಾಡಿಸಿಕೊಂಡು ಬರುವುದು.

"ಅಷ್ಟರಲ್ಲಿ ಮಗುವಿಗೆ ಏನಾದರೂ ಆದರೆ?" ಅಂತ ಅಮ್ಮ ಕೇಳಿಯೇ ಕೇಳುತ್ತಾರೆ. ಈ ಭಯ ಹಳೆಯದು, ಎಷ್ಟೋ ತಾಯಂದಿರನ್ನು ಸುಟ್ಟಿದೆ. ದೀಕ್ಷಾಸ್ನಾನ ಆಗದೆ ತೀರಿಕೊಂಡ ಕೂಸುಗಳ ಬಗ್ಗೆ 2007ರಲ್ಲಿ ವ್ಯಾಟಿಕನ್ನಿನ ದೇವಶಾಸ್ತ್ರ ಆಯೋಗ ಒಂದು ಬರಹ ಹೊರತಂದಿತು. ಆ ಮಕ್ಕಳು ರಕ್ಷಣೆ ಹೊಂದುತ್ತಾರೆ ಅಂತ ನಿರೀಕ್ಷಿಸಲು ಗಟ್ಟಿ ಕಾರಣಗಳಿವೆ ಅಂದಿತು. ಬ್ಯಾಪ್ಟಿಸ್ಟರಂತೂ ಮೊದಲಿನಿಂದಲೂ ಅಂಥ ಮಕ್ಕಳನ್ನು ದೇವರ ಕರುಣೆಗೇ ಒಪ್ಪಿಸಿದವರು. ಇನ್ನು ನಿಜವಾದ ತುರ್ತು ಬಂದರೆ, ಮಕ್ಕಳಿಗೆ ಕೊಡುವ ಹಲವು ಸಭೆಗಳಲ್ಲಿ ಪಾದ್ರಿ ಬರುವ ತನಕ ಕಾಯಬೇಕಾಗಿಲ್ಲ. ನರ್ಸ್ ಕೊಡಬಹುದು, ಅಜ್ಜಿ ಕೊಡಬಹುದು. ಕ್ಯಾಥೊಲಿಕ್ ಕಾನೂನಿನ ಪ್ರಕಾರ ಕ್ರೈಸ್ತರಲ್ಲದವರೂ ಕೊಡಬಹುದು, ಸಭೆ ಮಾಡುವುದನ್ನೇ ಮಾಡುತ್ತಿದ್ದೇನೆ ಅನ್ನುವ ಉದ್ದೇಶ ಇದ್ದರೆ ಸಾಕು. ತಲೆ ಮೇಲೆ ಸಾದಾ ನೀರು ಹೊಯ್ಯುತ್ತಾ "ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ನಾನು ನಿನಗೆ ದೀಕ್ಷಾಸ್ನಾನ ಕೊಡುತ್ತೇನೆ" ಅನ್ನಬೇಕು, ಅಷ್ಟೇ. ಮಗು ಉಳಿದರೆ ಆಮೇಲೆ ದೇವಾಲಯಕ್ಕೆ ತಂದು ಉಳಿದ ವಿಧಿಗಳನ್ನು ಪೂರೈಸಿ ರಿಜಿಸ್ಟರಿನಲ್ಲಿ ಬರೆಸುತ್ತಾರೆ. ನೀರನ್ನು ಮತ್ತೆ ಹಾಕುವುದಿಲ್ಲ.

ಗಾಡ್‌ಫಾದರ್, ಗಾಡ್‌ಮದರ್ ಆಗಿ ಅತ್ತೆಯ ಕಡೆಯವರನ್ನು ಹಾಕಬಹುದಾ ಅಂತ ಮುಂದೆ ಪ್ರಶ್ನೆ ಬರಬಹುದು. ಕ್ಯಾಥೊಲಿಕರಲ್ಲಿ ಕನಿಷ್ಠ ಒಬ್ಬರು 16 ತುಂಬಿದ, ದೃಢೀಕರಣ ಆದ ಕ್ಯಾಥೊಲಿಕರಾಗಿರಬೇಕು. ಬೇರೆ ಸಭೆಯವರು ಅವರ ಜೊತೆ ಸಾಕ್ಷಿಯಾಗಿ ನಿಲ್ಲಬಹುದು. ಉಳಿದ ಸಭೆಗಳ ನಿಯಮ ಬೇರೆ ಬೇರೆ, ಕೇಳಿಕೊಳ್ಳಿ.

ಕೊನೆಯದಾಗಿ, ಯಾವ ದಾರಿ ಹಿಡಿದರೂ ನಿಮಗೆ ದೀಕ್ಷಾಸ್ನಾನ ಆದ ಸಭೆಗೆ ಹೋಗಿ ರಿಜಿಸ್ಟರಿನ ನಕಲು ತೆಗೆಸಿಟ್ಟುಕೊಳ್ಳಿ. ತಾರೀಖು, ಕೊಟ್ಟವರ ಹೆಸರು, ಗಾಡ್‌ಪೇರೆಂಟ್ಸ್ ಹೆಸರು ಅದರಲ್ಲಿ ಇರುತ್ತದೆ. ಸಭಾಪಾಲಕರ ಜೊತೆ ಮಾತಾಡಲು ಹೋಗುವಾಗ ಅದು ಕೈಯಲ್ಲಿರಲಿ. ಅಲ್ಲಿ ಬಳಸಿದ ಆರಾಧನಾ ಕ್ರಮದ ಪುಸ್ತಕ ಸಿಕ್ಕರೆ ದೀಕ್ಷಾಸ್ನಾನದ ಪುಟವನ್ನೂ ಅವರಿಗೆ ತೋರಿಸಿ. ಮಗುವಿನ ಮೇಲೆ ನೀರು ಹಾಕುವ ಮುಂಚೆ ಮತ್ತು ಆಮೇಲೆ ಅಲ್ಲಿ ಏನೇನು ಪ್ರಾರ್ಥಿಸುತ್ತಾರೆ ಅನ್ನುವುದನ್ನು ನಂಬಿದವರ ದೀಕ್ಷಾಸ್ನಾನದ ಸಭೆಯವರು ಸಾಮಾನ್ಯವಾಗಿ ಓದಿರುವುದಿಲ್ಲ.